ಸುಳ್ಳುಮೊಳೆ

"ಕತ್ತಿ ನಂದು, ಅದಕ್ಕೇನೂ ಆಗಿಲ್ಲ ನೋಡ್ರಿ. ಹಿಡಿ ಹಾಕಿದ್ದು ನಮ್ಮ ಮನೆಯೋಳು," ಎಂದು ತಿಪ್ಪೇಶಪ್ಪ ಫೋನಿನಲ್ಲಿ ಹೇಳಿದ್ದು, ಕುಲುಮೆಯ ಹಿಂದಿನ ತಗಡಿನ ಚಪ್ಪರದಲ್ಲಿ ಕೂತು ಹುಣಸೆಯ ತುಂಡೊಂದನ್ನು ಅರದಿಂದ ಉಜ್ಜುತ್ತಿದ್ದ ಅವನ ಹೆಂಡತಿ ವನಜಾಕ್ಷಿಗೆ ಚೆನ್ನಾಗಿ ಕೇಳಿಸಿತು. ಅದಕ್ಕೂ ಸ್ವಲ್ಪ ಮುಂಚೆ ಅವನು ಗಾಬರಿಯಿಂದ, "ಯಾರು, ಹೊನ್ನಾಳಿ ಮೀನು ಮಾರ್ಕೆಟ್ಟಿನ ಸುಂಕಲಮ್ಮನಾ? ಕತ್ತಿ ತಿರುಗ್ತಾ? ಎರಡು ಬೆರಳು ಹೋದ್ವಾ?" ಎಂದು ಕೇಳಿದ್ದೂ ಕೇಳಿಸಿತ್ತು. ಆ ಮಾತಿಗೂ ಈ ಮಾತಿಗೂ ನಡುವೆ ಒಂದು ನಿಮಿಷವೂ ಇರಲಿಲ್ಲ. ಆ ಅರೆ ನಿಮಿಷದಲ್ಲಿ ತನಗೆ ಆದದ್ದೇನು ಎಂಬುದನ್ನು ಅವಳು ಯಾರಿಗೂ ಹೇಳುವಂತಿರಲಿಲ್ಲ. ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿದಂತೆ ಹಗುರವಾಗಿತ್ತು. ಆತು, ಕೊನೆಗೂ ಆತು ಎಂದು ನಾಲಿಗೆ ಒಳಗೊಳಗೇ ಅಂದುಕೊಂಡಿತ್ತು. ಸುಂಕಲಮ್ಮನ ಮುಖ ಕಣ್ಣಿಗೆ ಬಂದದ್ದು ಆಮೇಲೆ. ಅಷ್ಟರಲ್ಲಿ ಗಂಡ ಹಿಡಿಯ ಮಾತು ಆಡಿಬಿಟ್ಟಿದ್ದ. ಹಗುರವಾಗಿದ್ದ ಎದೆಗೆ ಬೆಂಕಿ ಬಿತ್ತು. ಕೈಯಲ್ಲಿದ್ದ ಅರ ಮಾತ್ರ ನಿಲ್ಲಲಿಲ್ಲ. ಉಜ್ಜಿ ಉಜ್ಜಿ ಹಿಡಿಯ ಸೊಂಟ ಬೇಕಾದದ್ದಕ್ಕಿಂತ ಸಣ್ಣಗಾಗಿ, ಆ ತುಂಡು ಕೆಲಸಕ್ಕೆ ಬಾರದೆ ಹೋಯಿತು.

ಅವನು ಚಪ್ಪರದ ಬಾಗಿಲಿಗೆ ಬಂದು ನಿಂತ. "ಏ, ಸೀರೆ ಬದ್ಲಾಯಿಸ್ಕೊ. ಹೊನ್ನಾಳಿಗೆ ಹೋಗಿ ಬರಾನ. ಆಯಮ್ಮ ಆಸ್ಪತ್ರೆಯಿಂದ ಮನೆಗೆ ಬಂದಾಳಂತೆ. ನೀನೊಂದ್ ಮಾತು ತಪ್ಪಾತು ಅಂದ್ಬಿಡು. ಹೆಂಗಸ್ರು ಹೆಂಗಸ್ರು ಮಾತಾಡಿದ್ರೆ ಅಲ್ಲಿಗೆ ಮುಗೀತೈತೆ."

"ಏನಂತ ತಪ್ಪಾತು ಅನ್ಲಿ?"

"ಹಿಡಿ ಸಡ್ಲ ಆಗಿತ್ತು ಅಂತ. ಮರ ಹಸಿ ಇತ್ತು ಅನ್ನು. ಏನೋ ಒಂದು."

ಮರ ಹಸಿ ಇತ್ತು! ಅವಳು ಎದ್ದು ಒಳಗೆ ಹೋದಳು. ಹಸಿ ಮರಕ್ಕೆ ಅವಳು ಈ ಜನ್ಮದಲ್ಲಿ ಅರ ಹಚ್ಚಿದವಳಲ್ಲ. ಜಗಳೂರಿನ ಕಡೆ ಅವಳ ಅಪ್ಪ ರಂಗಣ್ಣ ನೇಗಿಲು, ಕೊಡಲಿ ಕಾವು ಕೆತ್ತುತ್ತಿದ್ದವನು. ಕಡಿದ ಮರವನ್ನು ಎರಡು ಬೇಸಿಗೆ ನೆರಳಲ್ಲಿ ಒಣಗಿಸಿ, ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿ, ಆಮೇಲೆ ಮುಟ್ಟುತ್ತಿದ್ದ. ಕಮರದ ಮರ ತೂಕದ ಕೆಲಸಕ್ಕೆ, ಜಾಲಿ ಬಿಸಿಲಲ್ಲಿ ದುಡಿಯುವವರಿಗೆ, ನೀರಲ್ಲಿ ಕೈ ಇಟ್ಟವರಿಗೆ ಹುಣಸೆಯ ನಡುವಿನ ಗಟ್ಟಿ ಚೇಗು ಎಂದು ಅವಳಿಗೆ ಅಕ್ಷರ ಬರುವ ಮುಂಚೆಯೇ ಗೊತ್ತಿತ್ತು. ಸುಂಕಲಮ್ಮನ ಕೈ ಬೆಳಗಿನಿಂದ ಮಧ್ಯಾಹ್ನದವರೆಗೂ ನೀರು, ಲೋಳೆ, ರಕ್ತದಲ್ಲಿರುವ ಕೈ. ಅದಕ್ಕೆಂದೇ ಹುಣಸೆ ಹುಡುಕಿ, ನುಣುಪು ಮಾಡದೆ, ಅರದ ಗೆರೆ ಸ್ವಲ್ಪ ಉಳಿಸಿ, ಕಿರುಬೆರಳು ನಿಲ್ಲುವಲ್ಲಿ ಒಂದು ಉಬ್ಬು ಕೊಟ್ಟು ಮಾಡಿದ್ದಳು. ಆ ಹಿಡಿಯ ಮರದ ಮೇಲೆ ಯಾರಾದರೂ ಒಂದು ಮಾತಾಡಲಿ ನೋಡೋಣ.

ಅವನು ಪತ್ರಿಕೆಯಲ್ಲಿ ಸುತ್ತಿದ ಹೊಸ ಕತ್ತಿಯೊಂದನ್ನು ಬ್ಯಾಗಿಗೆ ಹಾಕಿದ. ಬೀಟೆ ಹಿಡಿಯದು, ದೂರದೂರಿನ ಗಿರಾಕಿಗೆ ಪಾರ್ಸೆಲ್ಲಿನಲ್ಲಿ ಹೋಗಬೇಕಾಗಿದ್ದದ್ದು. ಒದ್ದೆ ಕೈಗೆ ಬೀಟೆ ಸೋಪಿನಂತೆ ಜಾರುತ್ತದೆ ಎಂದು ಹೇಳಬೇಕೆನಿಸಿತು. ತನ್ನ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು.

ನ್ಯಾಮತಿಯಿಂದ ಹೊನ್ನಾಳಿಗೆ ಬೈಕಿನಲ್ಲಿ ಅರ್ಧ ಗಂಟೆಯೂ ಇಲ್ಲ. ಅವಳು ಅವನ ಹೆಗಲು ಹಿಡಿಯದೆ ಹಿಂದಿನ ಕಂಬಿ ಹಿಡಿದು ಕೂತಳು. ಉಬ್ಬು ಬಂದಾಗ ಮೈ ಅವನ ಬೆನ್ನಿಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ಹಿಂದಕ್ಕೆ ಸರಿಯುತ್ತಿದ್ದಳು. ಎರಡೂ ಕಡೆ ಮೆಕ್ಕೆಜೋಳ ಕಟಾವಿಗೆ ನಿಂತಿತ್ತು. ಈ ಬೆನ್ನನ್ನು ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ, ತಿದಿಯ ಮುಂದೆ ಬಾಗಿದಾಗಲೂ ಇದೇ ಬೆನ್ನು, ನನ್ನ ಕಡೆ ಯಾವಾಗಲೂ ಇದೇ ಇರುತ್ತದೆ ಎಂದುಕೊಂಡಳು. ವಿಡಿಯೋ ಮಾಡುವವರು ಬಂದ ದಿನವೂ ಹೀಗೇ. ಶಿವಮೊಗ್ಗದಿಂದ ಇಬ್ಬರು ಬಂದು, ಬೆಂಕಿಯನ್ನೂ ಸುತ್ತಿಗೆಯನ್ನೂ ಹತ್ತಿರದಿಂದ ಹಿಡಿದು, ಹಿಡಿಯ ಬಗ್ಗೆ ಸ್ವಲ್ಪ ಹೇಳಿ ಎಂದಿದ್ದರು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ತೋರಿಸಲೆಂದು ಐದಾರು ಬಗೆಯ ಮರ ಜೋಡಿಸಿಟ್ಟುಕೊಂಡು ಚಪ್ಪರದಲ್ಲಿ ಕಾದಿದ್ದಳು. "ಹಿಡಿ ಏನ್ ಬಿಡ್ರಿ, ಯಾವ ಕಟ್ಟಿಗೆ ಆದ್ರೂ ನಡೀತೈತೆ. ಮನೆಯೋರು ಬಿಡುವಿದ್ದಾಗ ಹಾಕ್ತಾರೆ," ಎಂದು ಅವನು ನಕ್ಕಿದ್ದ. ಅವರೂ ನಕ್ಕಿದ್ದರು. ಕ್ಯಾಮೆರಾ ಚಪ್ಪರದ ತನಕ ಬರಲೇ ಇಲ್ಲ. ಜೋಡಿಸಿಟ್ಟ ತುಂಡುಗಳನ್ನು ಅವಳು ಅಂದು ಸಂಜೆ ಒಲೆಗೆ ಹಾಕಿದ್ದಳು, ಕಮರವನ್ನೂ. ಒಳ್ಳೆಯ ಮರ ಎಷ್ಟು ಹೊತ್ತು ಉರಿಯುತ್ತದೆ ಎಂಬುದನ್ನು ಕೂತು ನೋಡಿದ್ದಳು. ಆ ವಿಡಿಯೋ ಓಡಿತು. ಎಲ್ಲಿಂದಲೋ ಕೇಳಿಕೊಂಡು ಫೋನುಗಳು ಬರತೊಡಗಿದವು. ಗೋಡೆಗೆ ತೂಗುಹಾಕಲು, ಗಾಜಿನ ಕಪಾಟಿನಲ್ಲಿಡಲು ಕತ್ತಿ ಬೇಕಂತೆ ಜನಕ್ಕೆ.

ಆಗಲೇ ಅವನು ಬಾಲ ಕಡಿಯಲು ಶುರುಮಾಡಿದ್ದು. ಕತ್ತಿಯ ಅಲಗಿನಿಂದ ಹಿಡಿಯೊಳಗೆ ಹೋಗುವ ಬಾಲ, ತೂಕದ ಕತ್ತಿಯಲ್ಲಾದರೆ, ಹಿಡಿಯ ಉದ್ದಕ್ಕೂ ನಡೆದು ಹಿಂದೆ ಹೊರಬಂದು, ಬಿಲ್ಲೆಯ ಮೇಲೆ ಬಡಿಸಿಕೊಂಡು ಮಗುಚಬೇಕು. ಹೊರಗಿನವರಿಗೆ ಕಾಣುವುದು ಹಿಡಿಯ ಬುಡದಲ್ಲಿ ಒಂದು ದುಂಡನೆಯ ಕಬ್ಬಿಣದ ಚುಕ್ಕೆ ಮಾತ್ರ. ಗಿರಾಕಿಗಳು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಇದು ಗಟ್ಟಿ ಎಂದು ಕೊಳ್ಳುತ್ತಾರೆ. ಪಾರ್ಸೆಲ್ಲಿನ ಕತ್ತಿಗಳಿಗೆ ಅವನು ಬಾಲ ಪೂರ್ತಿ ಬಿಟ್ಟ. ಸುತ್ತಮುತ್ತಲ ಊರವರ ಕತ್ತಿಗಳಿಗೆ ಎರಡು ಬೆರಳಿನಷ್ಟು. ಕತ್ತಿಗೆ ಬಡಿಯುವ ಲಾರಿ ಕಮಾನಿನ ಪಟ್ಟಿ ಸಾಲುತ್ತಿಲ್ಲ, ಬಾಲ ಕಡಿದರೆ ಎರಡಾಗುವಲ್ಲಿ ಮೂರಾಗುತ್ತವೆ ಎಂದ. ಗೋಡೆಯ ಮೇಲೆ ನೇತಾಡುವುದಕ್ಕೆ ಪೂರ್ತಿ ಬಾಲ, ದಿನಕ್ಕೆ ನೂರು ಮೀನಿನ ತಲೆ ಒಡೆಯುವುದಕ್ಕೆ ಎರಡು ಬೆರಳು. "ಇದು ಸಾಲಂಗಿಲ್ರೀ, ತಿರುಗ್ತೈತೆ," ಎಂದಿದ್ದಳು, ಒಂದೇ ಸಲ. ಕುಲುಮೆಯಲ್ಲಿ ಮೂರ್ನಾಲ್ಕು ಜನ ಕೂತಿದ್ದರು. "ನಿನ್ನ ಕೆಲಸ ಹಿಡಿ ಹಾಕೋದು. ಹಾಕು. ಹಿಂದೆ ಒಂದು ಮೊಳೆತಲೆ ಕೂರ್ಸು, ಯಾರಿಗೆ ಗೊತ್ತಾಗ್ತೈತೆ," ಎಂದಿದ್ದ, ಅವರ ಮುಂದೆಯೇ, ಮುಚ್ಚುಮರೆಯಿಲ್ಲದೆ. ಅವರಲ್ಲಿ ಒಬ್ಬನು ಕೂಡ ಕತ್ತೆತ್ತಿ ಅವಳ ಕಡೆ ನೋಡಿರಲಿಲ್ಲ.

ಬೈಕು ಹೊಂಡಕ್ಕೆ ಇಳಿದು ಎದ್ದಿತು. ಅವಳು ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಬೇಡ ಅನ್ನಬಹುದಿತ್ತು. ಎಸೆದು ಹೋಗಬಹುದಿತ್ತು. ಅವಳು ಅಂದು ಮಾಡಿದ್ದೇನು? ಹಟದಿಂದ ಕೂತು, ಆ ಸುಳ್ಳುಮೊಳೆಯನ್ನು ನಿಜವಾದ ಬಾಲಕ್ಕಿಂತ ಚೆನ್ನಾಗಿ ಮಾಡಿದ್ದಳು. ತಲೆ ಬಡಿದು ಅಂಚು ಹರಡಿಸಿ, ಸುತ್ತಿಗೆಯ ಏಟು ಅಲ್ಲಲ್ಲಿ ಕಾಣುವಂತೆ ಬಿಟ್ಟು, ಅರಗಿನ ಮಸಿ ಹಚ್ಚಿ, ಅವಳೇ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದರೂ ಯಾವುದು ಯಾವುದೆಂದು ತಿಳಿಯದ ಹಾಗೆ. ಮಾಡುವಾಗ ಹೆದರಿಕೆಯಿಂದ ಮಾಡಿದೆ ಎಂದು ಈಗ ಯಾರಾದರೂ ಹೇಳಿದರೆ ಅದು ಸುಳ್ಳು. ಸುಖವಾಗಿತ್ತು. ಅಲಗಿನ ಮೇಲೆ ಅವನು ಒತ್ತುವ 'ತಿ' ಎಂಬ ಮುದ್ರೆಯನ್ನು ನೋಡುತ್ತ, ಒಂದಲ್ಲ ಒಂದು ದಿನ ಇದರಲ್ಲೊಂದು ತಿರುಗಲಿ, ಊರೆಲ್ಲ ಈ ತಿಪ್ಪೇಶಪ್ಪನ ಮುಖಕ್ಕೆ ಉಗಿಯಲಿ ಎಂದು ಅಂದುಕೊಂಡೇ ಪ್ರತಿಯೊಂದು ಮೊಳೆಯನ್ನೂ ಹೊಡೆದಿದ್ದಳು. ತಿರುಗಿದ ಕತ್ತಿಯ ಕೆಳಗೆ ಯಾರದೋ ಕೈ ಇರುತ್ತದೆ ಎಂಬುದು ಹೊಳೆದಿರಲಿಲ್ಲವೇ? ಹೊಳೆದಿತ್ತು. ಹೊಳೆದದ್ದನ್ನು ಪಕ್ಕಕ್ಕಿಟ್ಟಿದ್ದಳು, ಕೆಲಸ ಮುಗಿಸಿ ಆಮೇಲೆ ನೋಡಿದರಾಯಿತು ಎಂದು ಹರಿದ ಬಟ್ಟೆ ಎತ್ತಿಡುವ ಹಾಗೆ.

ಸುಂಕಲಮ್ಮನ ಮನೆ ಮೀನು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿತ್ತು. ಅರವತ್ತು ದಾಟಿದ ಹೆಂಗಸು, ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು. ಎಡಗೈಗೆ ಮೊಣಕೈ ತನಕ ಬಿಳಿ ಬಟ್ಟೆ. ಅದರ ತುದಿಯಲ್ಲಿ ಮೂರು ಬೆರಳಿನ ಜಾಗ ಮಾತ್ರ ಉಬ್ಬಿತ್ತು. ಮಗಳು ರೂಪಶ್ರೀ ಬಾಗಿಲಲ್ಲೇ ನಿಂತಿದ್ದಳು, ಬನ್ನಿ ಎನ್ನಲಿಲ್ಲ. ಫೋನು ಮಾಡಿದ್ದು ಅವಳೇ.

"ನೋವು ಹೆಂಗೈತಮ್ಮ?" ಎಂದು ತಿಪ್ಪೇಶಪ್ಪ ಕೇಳಿದ.

"ಇಲ್ಲದ ಬೆರಳು ನೋಯ್ತಾವಲ್ಲಪ್ಪ, ಅದೇ ಆಶ್ಚರ್ಯ," ಎಂದಳು ಸುಂಕಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ದೊಡ್ಡ ಕಾಟ್ಲಾ ಮೀನು. ತಲೆ ಒಡೆಯಾಕೆ ಎತ್ತಿ ಹೊಡೆದೆ. ಕೈಯೊಳಗೆ ಹಿಡಿ ನಿಂತೇ ಇತ್ತು, ಕತ್ತಿ ಒಂದೇ ತಿರುಗಿ ಅಡ್ಡ ಬಿತ್ತು."

ರೂಪಶ್ರೀ ಒಳಗಿನಿಂದ ಆ ಕತ್ತಿ ತಂದು ಅವನ ಮುಂದೆ ನೆಲಕ್ಕಿಟ್ಟಳು. ಮೀನಿನ ವಾಸನೆ ಬಂತು. ಹಿಡಿ ಎರಡಾಗಿರಲಿಲ್ಲ, ಅದರ ಬಾಯಿಗೆ ತೊಡಿಸಿದ ಹಿತ್ತಾಳೆ ಬಳೆಯ ಪಕ್ಕದಿಂದ ಒಂದು ಸೀಳು ಹೊರಟಿತ್ತು, ಅಷ್ಟೇ. ತಿಪ್ಪೇಶಪ್ಪ ಅದನ್ನು ಎತ್ತಿ ಬೆಳಕಿಗೆ ಹಿಡಿದ. "ಇಲ್ನೋಡವ್ವ. ಕಬ್ಬಿಣ ಈ ಕಡೆಯಿಂದ ಹೋಗಿ ಆ ಕಡೆ ಬಂದೈತೆ, ಕಾಣ್ತೈತಲ್ಲ ತುದಿ? ಕಬ್ಬಿಣದ್ದು ಏನೂ ತಪ್ಪಿಲ್ಲ. ಮರ ಸೀಳೈತೆ. ಹೆಣ್ಣುಮಕ್ಕಳ ಕೈಕೆಲಸ, ಒಂದೊಂದ್ಸಲ ಹೆಚ್ಚುಕಮ್ಮಿ ಆಗ್ತೈತೆ. ಅದಕ್ಕೇ ಅವಳನ್ನೇ ಕರ್ಕೊಂಡು ಬಂದೀನಿ." ಅವನು ಅವಳ ಕಡೆ ತಿರುಗಿ ಕಣ್ಣಲ್ಲೇ ಸನ್ನೆ ಮಾಡಿದ, ಪಾಠ ಒಪ್ಪಿಸಲು ಮಗುವನ್ನು ಮುಂದೆ ತಳ್ಳುವ ಹಾಗೆ. ಬ್ಯಾಗಿನಿಂದ ಬೀಟೆ ಹಿಡಿಯ ಕತ್ತಿ ತೆಗೆದು ಚಾಪೆಯ ಅಂಚಿಗಿಟ್ಟ.

ವನಜಾಕ್ಷಿ ಅವನ ಕೈ ನೋಡಿದಳು. ಅವನ ಹೆಬ್ಬೆರಳು ಸುಳ್ಳುಮೊಳೆಯ ಮೇಲೆ ಇತ್ತು, ಒತ್ತಿ ಒತ್ತಿ ತೋರಿಸುತ್ತಿತ್ತು, ಅವಳೇ ಮಾಡಿದ್ದನ್ನು, ಅವಳ ಮೇಲೆಯೇ ಸಾಕ್ಷಿಯಾಗಿ. "ಇಲ್ಲಿ ಕೊಡ್ರಿ," ಎಂದಳು. ಕೊಡಲಿಲ್ಲ. ಕಿತ್ತುಕೊಂಡಳು. ಓಣಿಯ ಬಚ್ಚಲ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ಅಲಗನ್ನು ಸೆರಗಿನಲ್ಲಿ ಸುತ್ತಿ ಹಿಡಿದು, ಹಿಡಿಯನ್ನು ಎತ್ತಿ ಕಲ್ಲಿಗೆ ಬಡಿದಳು. "ಏ, ಏನ್ ಮಾಡ್ತೀಯಲೇ!" ಎಂದು ಅವನು ಓಡಿಬಂದ. ಮೂರನೆಯ ಏಟಿಗೆ ಸೀಳು ಬಾಯಿ ಬಿಟ್ಟಿತು. ಬಳೆ ಹಾರಿ ಚರಂಡಿಗೆ ಬಿತ್ತು. ಇಷ್ಟು ಗಟ್ಟಿ ಮಾಡಿದ್ದೆನೇ ಎಂದು ಆ ಸಿಟ್ಟಿನಲ್ಲೂ ಒಂದು ಗಳಿಗೆ ಅನಿಸಿ, ಅನಿಸಿದ್ದಕ್ಕೆ ಮತ್ತೂ ಸಿಟ್ಟು ಬಂದು, ನಾಲ್ಕನೆಯ ಸಲ ಹೊಡೆದಳು. ಹಿಡಿ ಎರಡು ಹೋಳಾಯಿತು.

ಅವಳು ಎರಡೂ ಹೋಳುಗಳನ್ನು ಅಲಗಿನ ಸಮೇತ ತಂದು ಸುಂಕಲಮ್ಮನ ಮುಂದೆ ಚಾಪೆಯ ಮೇಲಿಟ್ಟಳು. ಒಂದು ತುದಿಯಲ್ಲಿ ಎರಡು ಬೆರಳಿನಷ್ಟು ಕರಿಯ ಬಾಲ, ಸುತ್ತ ಸುಟ್ಟ ಅರಗು. ಇನ್ನೊಂದು ತುದಿಯಲ್ಲಿ ಅರ್ಧ ಬೆರಳಿನ ಮೊಳೆ. ನಡುವೆ ನಾಲ್ಕು ಬೆರಳಿನಷ್ಟು ಮರ ಮಾತ್ರ, ಒಳ್ಳೆಯ ಕೆಂಪು ಹುಣಸೆ.

"ನೋಡ್ರಿ ಅಮ್ಮ. ಬಾಲ ಇಷ್ಟೇ. ಕಬ್ಬಿಣ ಉಳಿಸಾಕೆ ಕಡಿದಾರೆ. ನನ್ನ ಹಿಡಿ ಸಡ್ಲ ಆಗಿರ್ಲಿಲ್ಲ," ಎಂದಳು ವನಜಾಕ್ಷಿ. ಗಂಡನ ಕಡೆ ತಿರುಗಿದಳು. ಅವನ ಮುಖ ಬಿಳಚಿಕೊಂಡಿತ್ತು. ಇದನ್ನು ನೋಡಲೆಂದೇ ಅಷ್ಟು ದಿನ ಕಾದಿದ್ದು. ನೋಡಿದಳು. ಇಪ್ಪತ್ತಾರು ವರ್ಷದ ಸಿಟ್ಟಿಗೆ ಇಷ್ಟೇನಾ ಎನಿಸುವಷ್ಟು ಸಣ್ಣ ಮುಖ.

ರೂಪಶ್ರೀ ಏನೋ ಕೂಗತೊಡಗಿದ್ದಳು, ಪೊಲೀಸು, ಸ್ಟೇಷನ್ನು ಎಂದೆಲ್ಲ. ಸುಂಕಲಮ್ಮ ಮಾತ್ರ ಬಾಗಿ, ಬಲಗೈಯಿಂದ ಆ ಗಿಡ್ಡ ಮೊಳೆಯನ್ನು ಕಿತ್ತು, ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವವಳ ಕಣ್ಣು ಅದು.

"ಈ ಮೊಳೆ ಹೊಡೆದೋರು ಯಾರವ್ವ?"

ತಿಪ್ಪೇಶಪ್ಪ ತಲೆ ಎತ್ತಿದ. ಆ ಕಣ್ಣಲ್ಲಿ ಆಗಲೇ ತಪ್ಪಿಸಿಕೊಳ್ಳುವ ಒಂದು ಆಸೆ ಮೂಡಿದ್ದನ್ನು ಅವಳು ಕಂಡಳು. ಅವನು ಹೇಳುವ ಮುಂಚೆ ತಾನೇ ಹೇಳಬೇಕು ಎನಿಸಿತು, ಅದೂ ಹಟಕ್ಕೇ.

"ನಾನು."

"ಹೊಡೆಯೋವಾಗ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

ಬೈಯುತ್ತಾಳೆ, ಉಗುಳುತ್ತಾಳೆ ಎಂದು ವನಜಾಕ್ಷಿ ಕಾದಳು. ಬೈದರೆ ತಡೆದುಕೊಳ್ಳಬಹುದಿತ್ತು. ಸುಂಕಲಮ್ಮ ಮೊಳೆಯನ್ನು ಚಾಪೆಯ ಮೇಲೆ ಇಟ್ಟು, ಬಟ್ಟೆ ಸುತ್ತಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ನಂದು ಆತು, ಹೋತು. ಇಂಥವು ಇನ್ನೆಷ್ಟು ಕೊಟ್ಟೀರಿ?"

ತಿಪ್ಪೇಶಪ್ಪನಿಗೆ ಅದು ಗೊತ್ತಿರಲಿಲ್ಲ. ಅವನು ಕತ್ತಿ ಬಡಿದು ಚಪ್ಪರಕ್ಕೆ ಎಸೆಯುತ್ತಿದ್ದವನು. ಅವಳಿಗೆ ಗೊತ್ತಿತ್ತು. ಯಾವ ಕೈಗೆ ಯಾವ ಮರ ಎಂದು ಪ್ರತಿಯೊಬ್ಬರ ಬೆರಳನ್ನು ನೋಡಿಯೇ ಮಾಡಿದವಳು ಅವಳು. "ಇನ್ನೂ ಎಂಟು," ಎಂದಳು. ಹೇಳುತ್ತಿದ್ದಂತೆ ಎಂಟೂ ಕೈಗಳು ಕಣ್ಣಿಗೆ ಕಟ್ಟಿದವು. ಚನ್ನಗಿರಿಯ ಮಟನ್ ಅಂಗಡಿಯ ಸಿದ್ದೇಶನದು, ದಪ್ಪ ಗೆಣ್ಣಿನದು, ಕಮರದ ಹಿಡಿ. ಸಂತೇಬೆನ್ನೂರಿನ ಎಳನೀರು ಬಂಗಾರಮ್ಮನದು, ಸಣ್ಣ ಅಂಗೈ, ಜಾಲಿ. ಸವಳಂಗದಲ್ಲಿ ಎರಡು. ಈಗ, ಈ ಹೊತ್ತಿನಲ್ಲಿ, ಅವುಗಳಲ್ಲಿ ಒಂದಾದರೂ ಮೇಲೆತ್ತಿರುತ್ತದೆ.

"ಮತ್ತೆ ಇಲ್ಲಿ ಯಾಕೆ ನಿಂತೀಯ?" ಎಂದಳು ಸುಂಕಲಮ್ಮ.

ಓಣಿಯ ತುದಿಯಲ್ಲಿ ಗಂಡ ಬೈಕು ತಂದು ಅಡ್ಡ ನಿಲ್ಲಿಸಿದ. "ಹತ್ತು. ಮನೆಗೆ ನಡಿ. ಊರೂರು ತಿರುಗಿ ನನ್ನ ಮರ್ಯಾದೆ ಹರಾಜು ಹಾಕ್ತೀಯೇನು?" ಅವಳು ಬೈಕನ್ನು ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಹಿಂದಿನಿಂದ ಅವನು ಕೂಗಿದ ಬೈಗುಳಗಳು ಓಣಿಯ ಬಾಗಿಲುಗಳನ್ನು ತೆರೆಸಿದವು. ಯಾರೋ ಮೆಟ್ಟಿಲ ಮೇಲೆ ನಿಂತು ನೋಡಿದರು. ನೋಡಲಿ.

ಚನ್ನಗಿರಿಯಲ್ಲಿ ಇಳಿದಾಗ ಸಿದ್ದೇಶನ ಅಂಗಡಿಯ ಶಟರ್ ಇಳಿದಿತ್ತು. ಬೆಳಗಿನ ವ್ಯಾಪಾರ ಮುಗಿಸಿ ಊರಿಗೆ ಹೋಗಿದ್ದಾನೆ, ಐದಕ್ಕೆ ತೆಗೆಯುತ್ತಾನೆ ಎಂದರು ಪಕ್ಕದವರು. ಅವನ ಫೋನ್ ನಂಬರು ಅವಳಲ್ಲೂ ಇರಲಿಲ್ಲ, ಬಾಗಿಲು ಹಾಕಿಕೊಳ್ಳುತ್ತಿದ್ದ ಪಕ್ಕದವರಲ್ಲೂ ಇರಲಿಲ್ಲ. ಗಿರಾಕಿಗಳ ನಂಬರೆಲ್ಲ ಗಂಡನ ಫೋನಿನಲ್ಲಿ. ಐದರೊಳಗೆ ಸಂತೇಬೆನ್ನೂರು ಮುಗಿಸಿ ಬರಬಹುದೆಂದು ಮತ್ತೊಂದು ಬಸ್ಸು ಹತ್ತಿದಳು. ನಿಲ್ಲಲು ಮಾತ್ರ ಜಾಗವಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಸುಂಕಲಮ್ಮ ಬೈಯಲಿಲ್ಲವಲ್ಲ ಎಂಬುದೇ ಮತ್ತೆ ಮತ್ತೆ ನೆನಪಾಗುತ್ತಿತ್ತು. ಗಂಡನ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದಳು. ಬಂತು, ಆದರೆ ಅವಳ ಕಡೆಯಿಂದಲೇ ಹೊರಟು ಅವನನ್ನು ಮುಟ್ಟದೆ ಅವಳಿಗೇ ತಿರುಗಿ ಬಂತು.

ಬಂಗಾರಮ್ಮ ಸಂತೇಬೆನ್ನೂರಿನ ರಸ್ತೆಯ ಅಂಚಿನಲ್ಲಿ ತಳ್ಳುಗಾಡಿಯ ಹಿಂದೆ ನಿಂತಿದ್ದಳು. ಎಡ ಅಂಗೈ ಮೇಲೆ ಕಾಯಿ, ಎತ್ತಿದ ಬಲಗೈಯಲ್ಲಿ ಕತ್ತಿ. ಕತ್ತಿ ಇಳಿಯಿತು, ಚೂರು ಹಾರಿತು. ಮತ್ತೆ ಮೇಲೆ. ವನಜಾಕ್ಷಿ ರಸ್ತೆ ದಾಟಿದ್ದು ಹೇಗೋ. ಗಾಡಿಯೊಂದು ಹಾರ್ನ್ ಹೊಡೆದು ಬೈದು ಹೋಯಿತು. ಓಡಿಬಂದವಳೇ ಆ ಮಣಿಕಟ್ಟು ಹಿಡಿದಳು.

"ಅಯ್ಯೋ, ವನಜಕ್ಕ! ಏನೇ ಇದು, ಎದೆ ಒಡೆಸಿದೆ," ಎಂದು ಬಂಗಾರಮ್ಮ ನಕ್ಕಳು. "ನೀನು ಬಂದದ್ದು ಒಳ್ಳೇದಾತು. ನಿಂಗೆ ಹೇಳಬೇಕು ಅಂತ್ಲೇ ಇದ್ದೆ. ಹದಿನೈದು ವರ್ಷದಿಂದ ಎಷ್ಟು ಕತ್ತಿ ಹಿಡಿದೀನಿ ನಾನು! ಇಂಥ ಹಿಡಿ ಎಲ್ಲೂ ಸಿಕ್ಕಿರ್ಲಿಲ್ಲ ಕಣೇ. ಸಂಜೆಗೆ ಕೈ ನೋಯಂಗಿಲ್ಲ. ಕತ್ತಿ ಯಾರು ಬೇಕಾದ್ರೂ ಬಡೀತಾರೆ, ಹಿಡಿ ಹಾಕೋದೈತಲ್ಲ, ಅದು ಕೈ ನೋಡೇ ಹಾಕಬೇಕು."

ಯಾರಾದರೂ ಈ ಮಾತನ್ನು ಆಡಲಿ ಎಂದು ಅವಳು ಎಷ್ಟು ವರ್ಷ ಕಿವಿ ತೆರೆದುಕೊಂಡು ಕೂತಿದ್ದಳು. ಕೆನ್ನೆಗೆ ಹೊಡೆದಂತಾಯಿತು.

"ಕೊಡು ಅದನ್ನ."

"ಯಾಕೆ?"

"ಕೊಡು ಅಂದ್ರೆ ಕೊಡೇ! ಒಳಗೆ ಬಾಲ ಇಲ್ಲ. ಹಿಂದೆ ಕಾಣೋದು ಬರೀ ಮೊಳೆ, ನಾನು ಹೊಡೆದದ್ದು. ಹೊನ್ನಾಳಿಯಾಗೆ ಒಬ್ಬಾಕೆಗೆ ಎರಡು ಬೆರಳು ಹೋಗ್ಯಾವೆ." ಅವಳು ಕಿರುಚುತ್ತಿದ್ದಳು. ಎಳನೀರಿಗೆ ಕಾದಿದ್ದ ಇಬ್ಬರು ಹಿಂದಕ್ಕೆ ಸರಿದರು.

ಬಂಗಾರಮ್ಮನ ನಗು ನಿಂತಿತು. ಕತ್ತಿಯನ್ನು ತಿರುಗಿಸಿ ಬುಡ ನೋಡಿದಳು, ಹೆಬ್ಬೆರಳಿನಿಂದ ಒತ್ತಿದಳು. ಆಮೇಲೆ ಎಡ ಅಂಗೈಯನ್ನು ನೋಡಿಕೊಂಡಳು. "ಗಂಡನ ಜೊತೆ ಜಗಳ ಆಡ್ಕೊಂಡು ಬಂದೀಯೇನು? ಅವನ ಹೆಸರು ಕೆಡಿಸಾಕೆ ಹಿಂಗೆ ಹೇಳ್ಕೊಂಡು ಹೊರಟೀಯಾ?"

"ಅದಕ್ಕೆ ಅಂತ್ಲೇ ಆವಾಗ ಮೊಳೆ ಹೊಡೆದಿದ್ದೆ," ಎಂದಳು ವನಜಾಕ್ಷಿ. "ಈಗ ಅದಕ್ಕಲ್ಲ."

ಬಂಗಾರಮ್ಮ ಕತ್ತಿಯನ್ನು ಅವಳ ಕೈಗೆ ಕೊಡಲಿಲ್ಲ. ಗಾಡಿಯ ಮೇಲಿಟ್ಟು, ಕೈಯನ್ನು ಸೆರಗಿಗೆ ಉಜ್ಜಿ ಉಜ್ಜಿ ಒರೆಸಿಕೊಂಡಳು. ಗಾಡಿಯ ಕೆಳಗಿನಿಂದ ತುಕ್ಕು ಹಿಡಿದ ಹಳೆಯ ಕತ್ತಿಯೊಂದನ್ನು ಎಳೆದು ತೆಗೆದಳು. "ತಗೊಂಡು ಹೋಗು. ನಿನ್ನ ಮುಖ ನೋಡಾಕೆ ಆಗ್ತಿಲ್ಲ ನಂಗೆ," ಎಂದಳು.

ವನಜಾಕ್ಷಿ ಕತ್ತಿಯನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ನಿಲ್ಲುವ ಜಾಗಕ್ಕೆ ಬಂದಳು. ಚನ್ನಗಿರಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಬರುವ ಹೊತ್ತಾಯಿತು ಎಂದರು, ಬರಲಿಲ್ಲ. ರಸ್ತೆಯ ನಡುವಿಗೆ ಹೋಗಿ ಬಗ್ಗಿ ನೋಡಿದಳು. ಮೆಕ್ಕೆಜೋಳ ತುಂಬಿ ಚನ್ನಗಿರಿಯ ಕಡೆ ಹೊರಟ ಟ್ರ್ಯಾಕ್ಟರೊಂದು ನಿಧಾನವಾಗಿ ಬರುತ್ತಿತ್ತು. ಅಷ್ಟು ದೂರದಿಂದಲೇ ಕೈ ಅಡ್ಡ ಹಿಡಿದು ಅದರ ಕಡೆಗೆ ಓಡತೊಡಗಿದಳು. ಐದು ಗಂಟೆ ಆಗಿ ಹೋಗಿತ್ತು. ಸಿದ್ದೇಶ ಶಟರ್ ಎತ್ತಿರುತ್ತಾನೆ.